ಕೊಳ್ಳುವ ಮೊದಲು ಮಾರುವುದನ್ನು ಕಲಿಯೋಣ

(ಫುಟ್‌ಬಾಲ್ ಮ್ಯಾನೇಜ್‌ಮೆಂಟ್ ಗೇಮ್ ಆಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಈ ಗೇಮ್‌ಗಳಲ್ಲಿ ನಾವು ಚೆಂಡು ಒದೆಯುವುದಿಲ್ಲ, ಒಂದು ಕ್ಲಬ್ಬನ್ನು ನಡೆಸುತ್ತೇವೆ: ಆಟಗಾರರನ್ನು ಕೊಳ್ಳುವುದು, ಮಾರುವುದು, ಆಡಿಸುವುದು ನಮ್ಮ ಕೆಲಸ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗೇಮ್‌ನಲ್ಲಿ ಹೊಸ ಕ್ಲಬ್ ಕೈಗೆ ಬಂದ ಕೂಡಲೇ ನಮ್ಮಲ್ಲಿ ಬಹಳ ಜನ ಮೊದಲು ತೆರೆಯುವುದು ಆಟಗಾರರನ್ನು ಹುಡುಕುವ ಪುಟ. ಬಜೆಟ್ ಎಷ್ಟಿದೆ? ಯಾರು ಸಿಗುತ್ತಾರೆ? ಯಾವ ದೇಶದ ಯಾವ 17 ವರ್ಷದ ಹುಡುಗ ಮುಂದೆ ದೊಡ್ಡ ಆಟಗಾರ ಆಗುತ್ತಾನೆ? ಆ ಆಸೆ ಸಹಜ. ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ: ಆ ಪುಟಕ್ಕೆ ಹೋಗುವ ಮೊದಲು ನಿಮ್ಮದೇ ತಂಡದ ಪಟ್ಟಿ ತೆರೆಯಿರಿ. ಯಾರ ಒಪ್ಪಂದ ಯಾವಾಗ ಮುಗಿಯುತ್ತದೆ ಅನ್ನುವ ಕ್ರಮದಲ್ಲಿ ಅದನ್ನು ಜೋಡಿಸಿ. ಮೇಲೆ ಬಂದ ನಾಲ್ಕೈದು ಹೆಸರು ನೋಡಿ. ಕ್ಲಬ್ಬಿನ ಮುಂದಿನ ಎರಡು ವರ್ಷದ ದುಡ್ಡು ಅಲ್ಲಿದೆ. ಸೋರಿಹೋಗುವುದಿದ್ದರೆ ಅದೂ ಅಲ್ಲಿಂದಲೇ.

ಕೊಳ್ಳುವುದರ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾರುವುದರ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಸಣ್ಣ ಕ್ಲಬ್ಬನ್ನು ಮೇಲಕ್ಕೆ ತರುವುದು ಒಳ್ಳೆಯ ಮಾರಾಟವೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾರನ್ನು, ಯಾವಾಗ, ಯಾವ ಷರತ್ತಿನ ಮೇಲೆ ಬಿಟ್ಟುಕೊಡಬೇಕು ಅಂತ ಗೊತ್ತಾದವರಿಗೆ ಕೊಳ್ಳುವುದು ತಾನಾಗಿಯೇ ಸಲೀಸಾಗುತ್ತದೆ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1982ರಲ್ಲಿ ಕೆವಿನ್ ಟಾಮ್ಸ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ 'ಫುಟ್‌ಬಾಲ್ ಮ್ಯಾನೇಜರ್' ಅನ್ನುವ ಗೇಮ್ ಹೊರತಂದರು. ಆಗಿನ ಪುಟ್ಟ ಮನೆ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಆ ಗೇಮ್‌ನಲ್ಲೇ ಕೊಳ್ಳುವುದು, ಮಾರುವುದು ಎರಡೂ ಇದ್ದವು. 1992ರಲ್ಲಿ ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು 'ಚಾಂಪಿಯನ್‌ಶಿಪ್ ಮ್ಯಾನೇಜರ್' ತಂದರು. ಅವರ ಕಂಪನಿ ಸ್ಪೋರ್ಟ್ಸ್ ಇಂಟರ‍್ಯಾಕ್ಟಿವ್ ಮುಂದೆ ತನ್ನ ಪ್ರಕಾಶಕರಿಂದ ಬೇರೆಯಾಯಿತು. ಹಳೆಯ ಹೆಸರು ಪ್ರಕಾಶಕರ ಬಳಿ ಉಳಿಯಿತು, ಆಟಗಾರರ ಡೇಟಾಬೇಸ್ ಕಂಪನಿಯ ಬಳಿ ಉಳಿಯಿತು. 2004ರ ನವೆಂಬರಿನಿಂದ ಕಂಪನಿಯ ಗೇಮ್ 'ಫುಟ್‌ಬಾಲ್ ಮ್ಯಾನೇಜರ್' ಅನ್ನುವ ಹೆಸರಿನಲ್ಲಿ ಬರುತ್ತಿದೆ. ಹೆಸರು ಕಳೆದುಕೊಂಡರೂ ಆಡುವವರು ಡೇಟಾಬೇಸಿನ ಹಿಂದೆಯೇ ಹೋದರು. ಜನಕ್ಕೆ ಬೇಕಾಗಿದ್ದುದು ಆಟಗಾರರು ಮತ್ತು ಅವರ ವ್ಯವಹಾರ.

ಆ ಡೇಟಾಬೇಸಿಗೆ ಹೊರಗೂ ಬೆಲೆ ಇತ್ತು. 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ಆಟಗಾರರನ್ನು ಹುಡುಕಲು ಅದನ್ನು ಬಳಸುವ ಒಪ್ಪಂದ ಮಾಡಿಕೊಂಡಿತು. ಬೇರೆ ಬೇರೆ ದೇಶಗಳಲ್ಲಿ ಕೂತು ಪಂದ್ಯ ನೋಡಿ ಅಂಕ ಹಾಕುವವರು ಸಾವಿರಕ್ಕೂ ಜಾಸ್ತಿ ಜನ ಇದ್ದಾರೆ. ಅವರ ಶ್ರಮದ ಮೇಲೆ ನಮ್ಮ ಇಡೀ ಮಾರುಕಟ್ಟೆ ನಿಂತಿದೆ. ಅವರಿಗೆ ನಾವು ಕೃತಜ್ಞರಾಗಿರಬೇಕು.

ಈಗ ಬೆಲೆಯ ವಿಷಯಕ್ಕೆ ಬರೋಣ. ಇವತ್ತಿನ ಮಾತಿನಲ್ಲಿ ಹೆಚ್ಚು ಹೊತ್ತು ಇಲ್ಲೇ ಇರುತ್ತೇನೆ.

ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಒಬ್ಬ ಆಟಗಾರನ ಪುಟ ತೆರೆದರೆ ಪಾಸಿಂಗ್, ಫಿನಿಶಿಂಗ್, ವೇಗ, ಛಲ ಎಲ್ಲಕ್ಕೂ 1ರಿಂದ 20ರವರೆಗೆ ಅಂಕ ಕಾಣುತ್ತದೆ. ಅದರ ಹಿಂದೆ ನಮಗೆ ಕಾಣದ ಎರಡು ದೊಡ್ಡ ಅಂಕಿಗಳಿವೆ. ಒಂದು ಈಗಿನ ಸಾಮರ್ಥ್ಯ, ಇನ್ನೊಂದು ಅವನು ಮುಟ್ಟಬಹುದಾದ ಗರಿಷ್ಠ ಸಾಮರ್ಥ್ಯ. ಎರಡನ್ನೂ 200ಕ್ಕೆ ಅಳೆಯುತ್ತಾರೆ. ಇವಲ್ಲದೆ ಸ್ಥಿರತೆ, ಗಾಯವಾಗುವ ಸಾಧ್ಯತೆ, ದೊಡ್ಡ ಪಂದ್ಯದಲ್ಲಿ ಹೇಗೆ ಆಡುತ್ತಾನೆ, ವೃತ್ತಿಯ ಬಗ್ಗೆ ಎಷ್ಟು ಶಿಸ್ತು ಅನ್ನುವ ಗುಣಗಳೂ ಮರೆಯಲ್ಲೇ ಇರುತ್ತವೆ. ಸ್ಕೌಟ್ (ಆಟಗಾರರನ್ನು ನೋಡಿ ಬರುವವನು) ಕೊಡುವ ವರದಿಯ ಮಾತುಗಳಿಂದ ನಾವೇ ಅಂದಾಜು ಮಾಡಬೇಕು.

ಆದರೆ ಮಾರುಕಟ್ಟೆಯ ಬೆಲೆ ಬರೀ ಸಾಮರ್ಥ್ಯದಿಂದ ಬರುವುದಿಲ್ಲ. ಒಂದೇ ಮಟ್ಟದ ಇಬ್ಬರು ಮಿಡ್‌ಫೀಲ್ಡರ್‌ಗಳನ್ನು ಪಕ್ಕಪಕ್ಕ ಇಡಿ. ಒಬ್ಬನಿಗೆ 21, ಇನ್ನೊಬ್ಬನಿಗೆ 29. ಒಬ್ಬನ ಒಪ್ಪಂದ ಇನ್ನೂ ನಾಲ್ಕು ವರ್ಷ ಇದೆ, ಇನ್ನೊಬ್ಬನದು ಒಂದೇ ವರ್ಷ. ಮೈದಾನದಲ್ಲಿ ಇಬ್ಬರೂ ಅಷ್ಟೇ ಕೆಲಸ ಮಾಡುತ್ತಾರೆ. ಬೆಲೆಯಲ್ಲಿ ಮಾತ್ರ ಹತ್ತು ಪಟ್ಟು ವ್ಯತ್ಯಾಸ ಕಂಡರೂ ಆಶ್ಚರ್ಯ ಇಲ್ಲ. ಕೊಳ್ಳುವ ಕ್ಲಬ್ ಇವತ್ತಿನ ಆಟಕ್ಕೆ ಮಾತ್ರ ದುಡ್ಡು ಕೊಡುವುದಿಲ್ಲ, ಇನ್ನೂ ಎಷ್ಟು ವರ್ಷ ಇವನು ನಮ್ಮವನು ಅನ್ನುವುದಕ್ಕೂ ಕೊಡುತ್ತದೆ. ಮುಂದೆ ಇವನನ್ನು ಎಷ್ಟಕ್ಕೆ ಮಾರಬಹುದು ಅನ್ನುವುದಕ್ಕೂ ಕೊಡುತ್ತದೆ.

ಹಾಗಾಗಿ ಆಟಗಾರನ ಬೆಲೆ ಅವನ ಆಟಕ್ಕಿಂತ ಮೊದಲೇ ಶಿಖರ ಮುಟ್ಟುತ್ತದೆ. 27, 28ರಲ್ಲಿ ಅವನು ಅತ್ಯುತ್ತಮವಾಗಿ ಆಡುತ್ತಿರುತ್ತಾನೆ. ಆದರೆ ಮಾರುಕಟ್ಟೆಗೆ ಅವನ ಮೇಲೆ ಮೋಹ ಜಾಸ್ತಿ ಇದ್ದದ್ದು 23, 24ರಲ್ಲಿ. ಈ ನಾಲ್ಕು ವರ್ಷದ ಅಂತರದಲ್ಲೇ ನಮ್ಮ ವ್ಯಾಪಾರ ನಡೆಯಬೇಕು. ಸಣ್ಣ ಕ್ಲಬ್ ಆದರೆ ಶಿಖರದ ಬೆಲೆಗೆ ಮಾರಿ, ಶಿಖರದ ಆಟ ಆಡುವ 28ರವನನ್ನು ಕಡಿಮೆ ದುಡ್ಡಿಗೆ ತನ್ನಿ. ತಂಡದ ಬಲ ಹೆಚ್ಚೇನೂ ಇಳಿಯುವುದಿಲ್ಲ, ಖಜಾನೆ ತುಂಬುತ್ತದೆ. ವೇಗದ ಮೇಲೇ ನಿಂತಿರುವ ವಿಂಗರ್‌ಗೆ 30 ದಾಟಿದರೆ ಇಳಿತ ಬೇಗ ಕಾಣುತ್ತದೆ. ಗೋಲ್‌ಕೀಪರ್, ಸೆಂಟರ್ ಬ್ಯಾಕ್‌ಗಳು ಇನ್ನೂ ಕೆಲವು ವರ್ಷ ತಾಳುತ್ತಾರೆ. ಹಾಗಾಗಿ ವಯಸ್ಸಾದವರನ್ನು ತರುವುದಾದರೆ ಆ ಸ್ಥಾನಗಳಿಗೇ ತನ್ನಿ.

ಒಪ್ಪಂದದ ಅವಧಿಗೆ ಇಷ್ಟು ಬೆಲೆ ಯಾಕೆ ಬಂತು? ಇದು ಗೇಮ್ ಮಾಡಿದವರು ಹುಟ್ಟಿಸಿದ ನಿಯಮ ಅಲ್ಲ. ಜಾನ್ ಮಾರ್ಕ್ ಬಾಸ್ಮನ್ ಎಂಬ ಬೆಲ್ಜಿಯಂ ಆಟಗಾರ ಇದ್ದರು. ಲಿಯೇಜ್ ಕ್ಲಬ್ಬಿನ ಜೊತೆ ಅವರ ಒಪ್ಪಂದ 1990ರಲ್ಲಿ ಮುಗಿಯಿತು. ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗಬೇಕು ಅಂದುಕೊಂಡರು. ಒಪ್ಪಂದ ಮುಗಿದಿದ್ದರೂ ಹಳೆಯ ಕ್ಲಬ್ ಶುಲ್ಕ ಕೇಳಬಹುದಾಗಿದ್ದ ಕಾಲ ಅದು. ಆ ವರ್ಗಾವಣೆ ನಡೆಯಲೇ ಇಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಯೂರೋಪಿಯನ್ ಒಕ್ಕೂಟದೊಳಗೆ ಶುಲ್ಕವಿಲ್ಲದೆ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಬಹುದು ಅಂತಾಯಿತು. ಅಷ್ಟು ಹೊತ್ತಿಗೆ ಬಾಸ್ಮನ್ ಅವರ ಆಟದ ಒಳ್ಳೆಯ ವರ್ಷಗಳು ಕಳೆದಿದ್ದವು. ಇವತ್ತಿನ ಆಟಗಾರರ ಸ್ವಾತಂತ್ರ್ಯಕ್ಕೆ ಒಬ್ಬ ಮನುಷ್ಯ ತನ್ನ ವೃತ್ತಿಜೀವನವನ್ನೇ ತೆತ್ತ. ಗೇಮ್‌ನಲ್ಲಿ ಫ್ರೀ ಟ್ರಾನ್ಸ್‌ಫರ್ ಅಂತ ಒತ್ತುವಾಗ ಅವರನ್ನು ನೆನೆಯುವುದು ಒಳ್ಳೆಯದು ಅನಿಸುತ್ತದೆ ನನಗೆ.

ಈಗ ಫಿಫಾ ನಿಯಮ ಹೀಗಿದೆ: ಒಪ್ಪಂದದಲ್ಲಿ ಆರು ತಿಂಗಳು ಉಳಿದಾಗ ಆಟಗಾರ ಇನ್ನೊಂದು ಕ್ಲಬ್ಬಿನ ಜೊತೆ ಮುಂದಿನ ಒಪ್ಪಂದ ಮಾಡಿಕೊಳ್ಳಬಹುದು. ಗೇಮ್‌ನಲ್ಲೂ ಹಾಗೇ. ಜೂನ್‌ನಲ್ಲಿ ಒಪ್ಪಂದ ಮುಗಿಯುವವನಿಗೆ ಜನವರಿ ಬಂದ ಕೂಡಲೇ ಹೊರದೇಶದ ಕ್ಲಬ್ಬುಗಳು ಮುತ್ತಿಕೊಳ್ಳುತ್ತವೆ. ನಿಮಗೆ ಒಂದು ಪೈಸೆಯೂ ಬರುವುದಿಲ್ಲ. ಹಾಗಾಗಿ ಆರು ತಿಂಗಳಿದ್ದಾಗ ಯೋಚಿಸಿದರೆ ತಡವಾಯಿತು. ಹನ್ನೆರಡು ತಿಂಗಳಿದ್ದಾಗಲೂ ಅರ್ಧ ತಡವೇ, ಯಾಕೆಂದರೆ ಎದುರಿನ ಕ್ಲಬ್ಬಿಗೂ ಕ್ಯಾಲೆಂಡರ್ ಗೊತ್ತು. ಎರಡು ವರ್ಷ ಉಳಿದಿರುವಾಗಲೇ ಕೂತು ತೀರ್ಮಾನ ಮಾಡಿ. ಒಪ್ಪಂದ ನವೀಕರಿಸಬೇಕು ಅಥವಾ ಮಾರಬೇಕು. 'ನೋಡೋಣ' ಅನ್ನುವ ಮೂರನೇ ದಾರಿಯಲ್ಲೇ ಜಾಸ್ತಿ ದುಡ್ಡು ಹೋಗುವುದು.

ನವೀಕರಿಸುವುದೂ ಮಾರಾಟದ ಒಂದು ಹೆಜ್ಜೆ ಆಗಬಹುದು. ಇದಕ್ಕೆ ನಿಜವಾದ ಫುಟ್‌ಬಾಲಿನಿಂದ ಒಂದು ಉದಾಹರಣೆ. ಬ್ರೈಟನ್ ಕ್ಲಬ್ 2021ರ ಆರಂಭದಲ್ಲಿ ಮೋಯ್ಸೆಸ್ ಕೈಸೆಡೊ ಅನ್ನುವ ಯುವಕನನ್ನು ಈಕ್ವೆಡಾರ್‌ನ ಇಂಡಿಪೆಂಡಿಯೆಂಟೆ ಡೆಲ್ ವಾಯೆ ಕ್ಲಬ್ಬಿನಿಂದ ತಂದಿತು. ಪತ್ರಿಕೆಗಳಲ್ಲಿ ಬಂದ ಮೊತ್ತ ಸುಮಾರು 45 ಲಕ್ಷ ಪೌಂಡ್. 2023ರ ಜನವರಿಯಲ್ಲಿ ಆರ್ಸೆನಲ್ ಅವನಿಗೆ ದೊಡ್ಡ ಬಿಡ್ ಹಾಕಿತು. ಆಟಗಾರನೇ ಹೋಗಲು ಬಿಡಿ ಅಂತ ಬಹಿರಂಗವಾಗಿ ಕೇಳಿದ. ಬ್ರೈಟನ್ ಬಿಡಲಿಲ್ಲ. ಮಾರ್ಚ್‌ನಲ್ಲಿ ಅವನ ಜೊತೆ ಹೊಸದಾಗಿ ದೀರ್ಘ ಒಪ್ಪಂದ ಮಾಡಿಕೊಂಡಿತು. ಅದೇ ಆಗಸ್ಟ್‌ನಲ್ಲಿ ಚೆಲ್ಸಿ 10 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಷರತ್ತಿನ ಮೊತ್ತ ಸೇರಿದರೆ 11.5 ಕೋಟಿಯವರೆಗೆ ಹೋಗಬಹುದಾದ ವ್ಯವಹಾರ. ಜನವರಿಯಲ್ಲಿ 'ಇಲ್ಲ' ಅಂದದ್ದು, ಮಾರ್ಚ್‌ನಲ್ಲಿ ಸಂಬಳ ಏರಿಸಿ ಸಹಿ ಹಾಕಿಸಿದ್ದು, ಆಗಸ್ಟ್‌ನಲ್ಲಿ 'ಸರಿ' ಅಂದದ್ದು, ಮೂರನ್ನೂ ಸೇರಿಸಿ ನೋಡಿ. ಗೇಮ್‌ನಲ್ಲಿ ಇದನ್ನು ಹಾಗೇ ಮಾಡಬಹುದು. ಮನಸ್ಸು ಕೆಟ್ಟಿರುವ ಆಟಗಾರನನ್ನು ಕರೆದು ಮಾತಾಡಿ, ಮುಂದಿನ ವಿಂಡೋದಲ್ಲಿ (ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರಬಹುದಾದ ಅವಧಿ) ಒಳ್ಳೆಯ ಬಿಡ್ ಬಂದರೆ ಬಿಡುತ್ತೇನೆ ಅಂತ ಮಾತು ಕೊಟ್ಟು, ಒಪ್ಪಂದ ಉದ್ದ ಮಾಡಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಮುರಿದರೆ ಅವನೊಬ್ಬನೇ ಅಲ್ಲ, ಇಡೀ ಡ್ರೆಸ್ಸಿಂಗ್ ರೂಮ್ ತಿರುಗಿ ಬೀಳುತ್ತದೆ.

ಮಹಿಳಾ ಫುಟ್‌ಬಾಲಿನಲ್ಲೂ ಈಗ ಇದೇ ಲೆಕ್ಕ ಶುರುವಾಗಿದೆ. ಒಲಿವಿಯಾ ಸ್ಮಿತ್ ಅನ್ನುವ ಆಟಗಾರ್ತಿಯನ್ನು ಲಿವರ್‌ಪೂಲ್ 2024ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಿಂದ ತಂದಿತ್ತು. ಒಂದೇ ವರ್ಷದ ಮೇಲೆ, 2025ರ ಜುಲೈನಲ್ಲಿ, ಆರ್ಸೆನಲ್ ಅವರನ್ನು 10 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಮಹಿಳಾ ಆಟದಲ್ಲಿ ಆ ಮೊತ್ತ ಮುಟ್ಟಿದ ಮೊದಲ ವರ್ಗಾವಣೆ ಅದು. ಅದೇ ನವೆಂಬರಿನಲ್ಲಿ ಬಂದ ಫುಟ್‌ಬಾಲ್ ಮ್ಯಾನೇಜರ್ ಆವೃತ್ತಿಗೆ ಮಹಿಳಾ ಲೀಗ್‌ಗಳೂ ಸೇರಿದವು. ಅಲ್ಲಿ ಬಜೆಟ್ ಚಿಕ್ಕದು, ಒಪ್ಪಂದಗಳೂ ಚಿಕ್ಕವು. ಹಾಗಾಗಿ ಒಪ್ಪಂದದ ದಿನಾಂಕ ನೋಡುವ ಅಭ್ಯಾಸ ಅಲ್ಲಿ ಇನ್ನೂ ಜಾಸ್ತಿ ಬೇಕು. ಮಾರಾಟ ಕಲಿಯಬೇಕು ಅನ್ನುವವರು ಅಲ್ಲಿ ಒಂದು ಸೇವ್, ಅಂದರೆ ಹೊಸ ಆಟ, ಶುರು ಮಾಡಿ ನೋಡಿ.

ಸಭೆಯಲ್ಲಿ ಒಬ್ಬರು ಇಲ್ಲೇ ತಡೆದು ಕೇಳಿದರು: "ರಿಲೀಸ್ ಕ್ಲಾಸ್ ಹಾಕಿದರೆ ಆಟಗಾರ ಬೇಗ ಸಹಿ ಹಾಕುತ್ತಾನೆ. ಹಾಕಬಹುದಾ?"

ಹಾಕಬಹುದು. ಆದರೆ ಅದರ ಅರ್ಥ ತಿಳಿದು ಹಾಕಿ. ಇಷ್ಟು ಮೊತ್ತ ಕೊಟ್ಟರೆ ಆಟಗಾರನನ್ನು ಬಿಡಲೇಬೇಕು ಅಂತ ಒಪ್ಪಂದದಲ್ಲಿ ಬರೆಯುವ ಷರತ್ತು ಅದು. ಆ ಮೊತ್ತ ಯಾರೇ ತಂದಿಟ್ಟರೂ ನೀವು ಇಲ್ಲ ಅನ್ನುವ ಹಾಗಿಲ್ಲ. ನೇಮಾರ್ ಒಪ್ಪಂದದಲ್ಲಿ ಬಾರ್ಸಿಲೋನಾ ಇಟ್ಟಿದ್ದು 22.2 ಕೋಟಿ ಯೂರೋ. ಆ ಕಾಲಕ್ಕೆ ಅದನ್ನು ಯಾರೂ ಕೊಡಲಾರರು ಅನ್ನುವಂಥ ಮೊತ್ತ. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಕೊಟ್ಟೇಬಿಟ್ಟಿತು. ಬಾರ್ಸಿಲೋನಾದ ಕೈಗೆ ದುಡ್ಡು ಬಂತು, ಆದರೆ ವಿಂಡೋ ಮುಗಿಯಲು ಕೆಲವೇ ವಾರ ಉಳಿದಿತ್ತು. ಅವರ ಬಳಿ ಅಷ್ಟು ಹಣ ಇರುವುದು ಎಲ್ಲರಿಗೂ ಗೊತ್ತಿತ್ತು. ಬದಲಿ ಆಟಗಾರರ ಬೆಲೆ ಏರಿತು. ಗೇಮ್‌ನಲ್ಲೂ ಆಗುವುದು ಇದೇ. ಹಾಗಾಗಿ ಕ್ಲಾಸ್ ಹಾಕಲೇಬೇಕಾದರೆ ಇವತ್ತಿನ ಬೆಲೆ ನೋಡಿ ಹಾಕಬೇಡಿ, ಎರಡು ವರ್ಷದ ನಂತರದ ಬೆಲೆ ಊಹಿಸಿ ಹಾಕಿ. 19ರ ಹುಡುಗನಾದರೆ ಸಂಬಳ ಸ್ವಲ್ಪ ಜಾಸ್ತಿ ಕೊಟ್ಟಾದರೂ ಕ್ಲಾಸ್ ತೆಗೆಸಿ.

ಈಗ ಮಾತುಕತೆಯ ಮೇಜು. ಬಿಡ್ ಬಂದಾಗ ದೊಡ್ಡ ಅಕ್ಷರದಲ್ಲಿ ಕಾಣುವ ಮೊತ್ತವನ್ನೇ ನೋಡಿ ಒಪ್ಪುವವರು ಬಹಳ. ಒಳಗಿನ ಸಾಲುಗಳಲ್ಲಿ ನಿಜವಾದ ವ್ಯವಹಾರ ಇರುತ್ತದೆ. ಎಷ್ಟು ಈಗಲೇ, ಎಷ್ಟು ಕಂತಿನಲ್ಲಿ? ಐವತ್ತು ಪಂದ್ಯ ಆಡಿದರೆ ಎಷ್ಟು? ಮತ್ತೆ ಮಾರಿದರೆ ನಮಗೆ ಎಷ್ಟು ಪಾಲು? ನಿಮ್ಮ ಕ್ಲಬ್ ಸಾಲದಲ್ಲಿದ್ದರೆ ಮುಂಗಡಕ್ಕೇ ಒತ್ತು ಕೊಡಿ. ಹಾಗಿಲ್ಲದಿದ್ದರೆ ನಾನು ಮೊದಲು ಹಿಡಿಯುವುದು ಮರುಮಾರಾಟದ ಪಾಲನ್ನು.

ಒಂದು ಲೆಕ್ಕ ಹೇಳುತ್ತೇನೆ. 19 ವರ್ಷದ ಆಟಗಾರನನ್ನು 20 ಲಕ್ಷ ಯೂರೋಗೆ ಮಾರಿದಿರಿ ಅಂದುಕೊಳ್ಳಿ. ಜೊತೆಗೆ ಮುಂದಿನ ಮಾರಾಟದಲ್ಲಿ 30 ಶೇಕಡಾ ಪಾಲು ಬರೆಸಿಕೊಂಡಿರಿ. ಮೂರು ವರ್ಷದ ನಂತರ ಅವನು 3 ಕೋಟಿಗೆ ಹೋದ. ನಿಮಗೆ 90 ಲಕ್ಷ ಬಂತು. ಪಾಲು ಲಾಭದ ಮೇಲೆ ಮಾತ್ರ ಅಂತಿದ್ದರೆ, ಲಾಭ 2.8 ಕೋಟಿ, ನಿಮಗೆ 84 ಲಕ್ಷ. ಎರಡು ರೀತಿಯಲ್ಲೂ ಮೊದಲ ಮಾರಾಟಕ್ಕಿಂತ ನಾಲ್ಕು ಪಟ್ಟಿಗೂ ಮೇಲೆ. ಇದಕ್ಕಾಗಿ ಮೊದಲ ಮೊತ್ತದಲ್ಲಿ ಎರಡು ಮೂರು ಲಕ್ಷ ಬಿಟ್ಟುಕೊಡಬೇಕಾದರೆ ಬಿಡಿ. ಆದರೆ 29ರವನನ್ನು ಮಾರುವಾಗ ಈ ಪಾಲಿಗೆ ಹಟ ಹಿಡಿಯಬೇಡಿ. ಅವನನ್ನು ಮತ್ತೆ ಯಾರೂ ದೊಡ್ಡ ಮೊತ್ತಕ್ಕೆ ಕೊಳ್ಳುವುದಿಲ್ಲ. ಅಲ್ಲಿ ಎಲ್ಲವನ್ನೂ ಈಗಲೇ ಪಡೆಯಿರಿ.

ಇದೇ ಕಣ್ಣಿನಿಂದ ನೀವು ಕೊಳ್ಳುವ ಆಟಗಾರನನ್ನೂ ನೋಡಿ. ಅವನ ಹಳೆಯ ಕ್ಲಬ್ಬಿಗೆ ಪಾಲು ಬರೆದುಕೊಟ್ಟಿದ್ದರೆ ನಾಳೆ ನೀವು ಮಾರುವಾಗ ಅಷ್ಟು ಕಡಿಮೆ ಬರುತ್ತದೆ.

ತರಬೇತಿ ಕೊಟ್ಟ ಕ್ಲಬ್ಬಿಗೆ ಪಾಲು ಸಿಗುವ ಇನ್ನೊಂದು ದಾರಿ ಇದೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಆಟಗಾರ ಮಾರಾಟವಾದಾಗ ಶುಲ್ಕದ 5 ಶೇಕಡಾವನ್ನು, ಅವನ 12ರಿಂದ 23ರವರೆಗಿನ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಫಿಫಾದ ಈ ನಿಯಮ ನನಗೆ ತುಂಬ ಇಷ್ಟ. ಮಗುವಿಗೆ ಚೆಂಡು ಒದೆಯಲು ಹೇಳಿಕೊಟ್ಟ ಊರಿನ ಕ್ಲಬ್ಬಿಗೆ ಹತ್ತು ವರ್ಷದ ನಂತರ ದುಡ್ಡು ಮುಟ್ಟುತ್ತದೆ. ಕೆಳಗಿನ ಲೀಗಿನ ಕ್ಲಬ್ಬನ್ನು ಹಿಡಿದವರು ಯೂತ್ ತಂಡದ ಮೇಲೆ ಖರ್ಚು ಮಾಡಲು ಇದೂ ಒಂದು ಕಾರಣ.

ಇನ್ನು ಸಂಬಳ. 'ಫ್ರೀಯಾಗಿ ಸಿಕ್ಕಿದ' ಅಂತ ಖುಷಿಪಡುವ ಮೊದಲು ಗುಣಿಸಿ ನೋಡಿ. 31 ವರ್ಷದ ಸ್ಟ್ರೈಕರ್ ಶುಲ್ಕವಿಲ್ಲದೆ ಬರುತ್ತಾನೆ, ವಾರಕ್ಕೆ 60,000 ಪೌಂಡ್ ಕೇಳುತ್ತಾನೆ, ನಾಲ್ಕು ವರ್ಷದ ಒಪ್ಪಂದ. ಒಟ್ಟು 1 ಕೋಟಿ 24 ಲಕ್ಷ 80 ಸಾವಿರ ಪೌಂಡ್. ಇನ್ನೊಬ್ಬ 23ರವನು, ಶುಲ್ಕ 40 ಲಕ್ಷ, ವಾರಕ್ಕೆ 20,000, ಅಷ್ಟೇ ಅವಧಿ. ಒಟ್ಟು 81 ಲಕ್ಷ 60 ಸಾವಿರ. ಮೊದಲನೆಯವನನ್ನು ನಾಲ್ಕು ವರ್ಷದ ಕೊನೆಗೆ ಸುಮ್ನೆ ಬೀಳ್ಕೊಡಬೇಕು. ಎರಡನೆಯವನನ್ನು ಎರಡು ವರ್ಷಕ್ಕೇ ಮಾರಬಹುದು. ಫ್ರೀಯಾಗಿ ಬಂದವನೇ ದುಬಾರಿ, ಅಲ್ವಾ? ಜೊತೆಗೆ ಅವನ ಸಂಬಳ ಕೇಳಿದ ಉಳಿದವರೂ ನಿಮ್ಮ ಬಾಗಿಲು ತಟ್ಟುತ್ತಾರೆ. ಸಂಬಳ ಜಾಸ್ತಿ ಇರುವ ಆಟಗಾರನನ್ನು ಮಾರುವುದೂ ಕಷ್ಟ. ಕ್ಲಬ್ಬುಗಳು ಒಪ್ಪಿದರೂ ಅವನು ಒಪ್ಪುವುದಿಲ್ಲ, ಅಷ್ಟು ಸಂಬಳ ಬೇರೆಲ್ಲೂ ಇಲ್ಲ. ಮಾರಾಟ ನಿಲ್ಲುವುದು ಬಹಳ ಸಲ ಇಲ್ಲೇ.

ಎಳೆಯ ಪ್ರತಿಭೆಗಳ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. 2001-02ರ ಚಾಂಪಿಯನ್‌ಶಿಪ್ ಮ್ಯಾನೇಜರ್ ಆಡಿದವರಿಗೆ ಚೆರ್ನೋ ಸಾಂಬಾ, ಟೊಂಟೊನ್ ಜೋಲಾ ಮೌಕೊಕೊ, ಮಾಕ್ಸಿಮ್ ಸಿಗಾಲ್ಕೊ ಅನ್ನುವ ಹೆಸರು ಹೇಳಿದರೆ ಸಾಕು, ಆ ಗೇಮ್‌ನಲ್ಲಿ ದೊಡ್ಡ ಆಟಗಾರರಾಗಿ ಬೆಳೆಯುತ್ತಿದ್ದ ಹುಡುಗರು ಅವರು. ಬೆಲಾರುಸ್‌ನ ಸಿಗಾಲ್ಕೊ ಗೇಮ್‌ನಲ್ಲಿ ಗೋಲಿನ ಮಳೆ ಸುರಿಸುತ್ತಿದ್ದರು. ನಿಜ ಜೀವನದಲ್ಲಿ ಗಾಯಗಳಿಂದ ಬೇಗ ಆಟ ನಿಲ್ಲಿಸಿದರು. 2020ರಲ್ಲಿ, ಬರೀ 37ನೇ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಹೆಸರನ್ನು ನಾವು ತಮಾಷೆಯ ವಿಷಯವಾಗಿ ಬಳಸಬಾರದು ಅನ್ನುವುದು ನನ್ನ ಕೋರಿಕೆ. ಅದೇ ಗೇಮ್‌ನಲ್ಲಿ ಟೋ ಮಡೈರಾ ಅನ್ನುವ ಭಯಂಕರ ಸ್ಟ್ರೈಕರ್ ಪೋರ್ಚುಗಲ್‌ನ ಸಣ್ಣ ಕ್ಲಬ್ಬಿನಲ್ಲಿ ಸಿಗುತ್ತಿದ್ದ. ಅಂಥ ಆಟಗಾರ ಇರಲೇ ಇಲ್ಲ. ಮಾಹಿತಿ ಸೇರಿಸುತ್ತಿದ್ದವರೊಬ್ಬರು ಹುಟ್ಟಿಸಿದ ಹೆಸರು ಅದು. ಗೊತ್ತಾದ ಮೇಲೆ ತೆಗೆದುಹಾಕಿದರು.

ಈಗಿನ ಆವೃತ್ತಿಗಳಲ್ಲಿ ಬಹಳ ಎಳೆಯ ಆಟಗಾರರ ಗರಿಷ್ಠ ಸಾಮರ್ಥ್ಯವನ್ನು ಒಂದೇ ಅಂಕಿಯಾಗಿ ಬರೆಯುವ ಬದಲು ಒಂದು ವ್ಯಾಪ್ತಿ ಕೊಡುವುದುಂಟು. ಹೊಸ ಸೇವ್ ಶುರು ಮಾಡಿದಾಗ ಆ ವ್ಯಾಪ್ತಿಯೊಳಗೆ ಯಾವುದೋ ಒಂದು ಅಂಕಿ ಸಿಗುತ್ತದೆ. ಹಾಗಾಗಿ ನಿಮ್ಮ ಗೆಳೆಯರ ಸೇವ್‌ನಲ್ಲಿ ಬೆಳಗಿದ ಹುಡುಗ ನಿಮ್ಮಲ್ಲಿ ಸಾಧಾರಣ ಆಗಬಹುದು. ಗರಿಷ್ಠ ಮಟ್ಟ ಇದ್ದ ಮಾತ್ರಕ್ಕೆ ಅದನ್ನು ಮುಟ್ಟುತ್ತಾನೆ ಅಂತಲೂ ಇಲ್ಲ. ಪಂದ್ಯ ಆಡಬೇಕು, ಗಾಯ ಆಗಬಾರದು, ಶಿಸ್ತು ಇರಬೇಕು. 18ರಿಂದ 21ರ ನಡುವೆ ಬೆಂಚಿನಲ್ಲಿ ಕೂತ ಹುಡುಗ ಬೆಳೆಯುವುದಿಲ್ಲ, ಬೆಲೆಯೂ ಇಳಿಯುತ್ತದೆ. ಲೋನ್‌ಗೆ, ಅಂದರೆ ಸ್ವಲ್ಪ ಕಾಲ ಇನ್ನೊಂದು ಕ್ಲಬ್ಬಿಗೆ ಎರವಲಾಗಿ ಕಳಿಸಿ, ಆದರೆ ನಿಯಮಿತವಾಗಿ ಆಡಿಸುತ್ತೇವೆ ಅಂತ ಬರೆದುಕೊಡುವ ಕ್ಲಬ್ಬಿಗೇ ಕಳಿಸಿ. ಹತ್ತಾರು ಹುಡುಗರನ್ನು ಕೂಡಿಟ್ಟು ಲೋನ್‌ಗೆ ಹಂಚುವ ಹಳೆಯ ಉಪಾಯಕ್ಕೆ ಈಗ ಮಿತಿ ಇದೆ. 2024ರ ಜುಲೈಯಿಂದ ಅಂತರರಾಷ್ಟ್ರೀಯ ಲೋನ್‌ನಲ್ಲಿ ಒಂದು ಕ್ಲಬ್ ಒಂದು ಹೊತ್ತಿಗೆ ಹೊರಗೆ ಆರು, ಒಳಗೆ ಆರು ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. 21ರೊಳಗಿನ, ಆ ಕ್ಲಬ್ಬೇ ಬೆಳೆಸಿದ ಹುಡುಗರಿಗೆ ವಿನಾಯಿತಿ ಇದೆ.

ಇಲ್ಲಿ ನನ್ನ ಗಟ್ಟಿ ಅಭಿಪ್ರಾಯ ಹೇಳುತ್ತೇನೆ. ಎಳೆಯ ಆಟಗಾರನ ಮೇಲೆ ಎಲ್ಲರ ಕಣ್ಣು ಬಿದ್ದ ಹೊತ್ತಿಗೆ, ಅವನು ಇನ್ನೂ ಏರುತ್ತಾನೆ ಅಂತ ನಿಮಗೆ ಅನಿಸುತ್ತಿದ್ದರೂ, ಸಣ್ಣ ಕ್ಲಬ್ ಮಾರಬೇಕು. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿದ್ದು ಇದಕ್ಕೇ. ಒಂದು ಮೊಣಕಾಲಿನ ಗಾಯ ಸಾಕು, ಮೂರು ಸೀಸನ್ನಿನ ಯೋಜನೆ ಕುಸಿಯಲು. ದೊಡ್ಡ ಕ್ಲಬ್ ಆ ನಷ್ಟ ತಡೆದುಕೊಳ್ಳುತ್ತದೆ, ನಿಮ್ಮದು ತಡೆದುಕೊಳ್ಳುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಂಪ್ಯೂಟರ್ ನಡೆಸುವ ಕ್ಲಬ್ಬುಗಳ ಜೊತೆಗಿನ ವ್ಯವಹಾರ. ಎದುರಿಗೆ ಮನುಷ್ಯರೇ ಇರುವ ಗೇಮ್‌ಗಳಲ್ಲಿ ರೀತಿ ಬೇರೆ. ಸ್ವೀಡನ್ನಿನಲ್ಲಿ 1997ರಲ್ಲಿ ಶುರುವಾದ ಹ್ಯಾಟ್ರಿಕ್ ಅನ್ನುವ ಆನ್‌ಲೈನ್ ಗೇಮ್ ಇನ್ನೂ ನಡೆಯುತ್ತಿದೆ. ಅಲ್ಲಿ ವರ್ಗಾವಣೆ ಎಲ್ಲವೂ ಹರಾಜು. ಆಟಗಾರನನ್ನು ಪಟ್ಟಿಗೆ ಹಾಕಿದ ಹೊತ್ತಿನಿಂದ ಸರಿಯಾಗಿ ಮೂರು ದಿನಕ್ಕೆ ಹರಾಜು ಮುಗಿಯುತ್ತದೆ. ಅಂದರೆ ನೀವು ನಡುರಾತ್ರಿ ಪಟ್ಟಿಗೆ ಹಾಕಿದರೆ ನಡುರಾತ್ರಿಯೇ ಮುಗಿಯುತ್ತದೆ, ಕೂಗುವವರು ನಿದ್ದೆಯಲ್ಲಿರುತ್ತಾರೆ. ಹೆಚ್ಚು ಜನ ಎದ್ದಿರುವ ಹೊತ್ತು ನೋಡಿ ಹಾಕುವುದೇ ಅಲ್ಲಿನ ಮೊದಲ ಪಾಠ. ಕೊನೆಯ ಮೂರು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡುವು ಮತ್ತೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕೊನೆಯ ಸೆಕೆಂಡಿನಲ್ಲಿ ಕದ್ದು ಗೆಲ್ಲುವ ಆಟ ನಡೆಯುವುದಿಲ್ಲ.

ಹ್ಯಾಟ್ರಿಕ್‌ನಲ್ಲಿ ವಯಸ್ಸಿನ ಲೆಕ್ಕವೂ ಸೊಗಸಾಗಿದೆ. ಒಂದು ಸೀಸನ್ 16 ವಾರ. ಆಟಗಾರನ ಒಂದು ವರ್ಷ ಅಂದರೆ 112 ದಿನ. 17 ವರ್ಷ 5 ದಿನದ ಹುಡುಗನಿಗೂ 17 ವರ್ಷ 100 ದಿನದವನಿಗೂ ಕೌಶಲ ಒಂದೇ ಇದ್ದರೂ ಮೊದಲನೆಯವನ ಬೆಲೆ ಜಾಸ್ತಿ, ಅವನಿಗೆ ಹದಿಮೂರು ಹದಿನಾಲ್ಕು ವಾರದ ತರಬೇತಿ ಹೆಚ್ಚಿಗೆ ಸಿಗುತ್ತದೆ. ಕೊಂಡು ಕೂಡಲೇ ಮಾರುವ ವ್ಯಾಪಾರಿಗಳನ್ನು ತಡೆಯಲು ಅಲ್ಲಿ ಏಜೆಂಟ್ ಕಮಿಷನ್ ಇದೆ. ಆಟಗಾರ ನಿಮ್ಮ ತಂಡದಲ್ಲಿ ಎಷ್ಟು ಕಡಿಮೆ ದಿನ ಇದ್ದನೋ ಕಮಿಷನ್ ಅಷ್ಟು ಹೆಚ್ಚು. ಇಎ ಕಂಪನಿಯ ಫುಟ್‌ಬಾಲ್ ಗೇಮ್‌ನಲ್ಲಿರುವ ಅಲ್ಟಿಮೇಟ್ ಟೀಮ್ ವಿಭಾಗದಲ್ಲೂ ಪ್ರತಿ ಮಾರಾಟದ ಮೇಲೆ 5 ಶೇಕಡಾ ಕಡಿತ ಇದೆ. ಹೀಗೆ ಹೋದ ದುಡ್ಡು ಯಾರ ಕೈಗೂ ಮರಳುವುದಿಲ್ಲ. ಇದು ಇಲ್ಲದಿದ್ದರೆ ಗೇಮ್ ಹುಟ್ಟಿಸುವ ನಾಣ್ಯವೆಲ್ಲ ಮಾರುಕಟ್ಟೆಯಲ್ಲೇ ಸುತ್ತಿ ಬೆಲೆ ಏರುತ್ತಲೇ ಇರುತ್ತದೆ. ಸಿಟ್ಟು ಬರಿಸುವ ಕಡಿತ ಅನಿಸಬಹುದು. ಹೊಸಬರು ಆಟಕ್ಕೆ ಬರಲು ಸಾಧ್ಯವಾಗುವುದು ಅದರಿಂದಲೇ.

"ಕಂಪ್ಯೂಟರ್ ಕ್ಲಬ್ಬುಗಳನ್ನು ಮೋಸ ಮಾಡುವ ಉಪಾಯಗಳಿವೆಯಲ್ಲ, ಬಳಸಬಹುದಾ?" ಅಂತ ಒಬ್ಬ ಯುವಕರು ಕೇಳಿದರು.

ನಿಮ್ಮ ಗೇಮ್, ನಿಮ್ಮ ಇಷ್ಟ. ಆದರೆ ಬೇಡ ಅಂತಲೇ ನನ್ನ ಸಲಹೆ. ಮೂರು ಬೇಡದ ಆಟಗಾರರನ್ನು ಕೊಟ್ಟು ಒಬ್ಬ ದೊಡ್ಡವನನ್ನು ಪಡೆಯುವುದು, ಮಾತುಕತೆ ಮುರಿದರೆ ಹಿಂದಿನ ಸೇವ್‌ಗೆ ಮರಳುವುದು, ಇವೆಲ್ಲ ಮಾಡಿದರೆ ಎರಡು ಸೀಸನ್ ಗೆಲ್ಲುತ್ತೀರಿ. ಮೂರನೆಯದಕ್ಕೆ ಬೇಸರ ಬರುತ್ತದೆ. ಮಾರಾಟದ ನಿರ್ಧಾರಕ್ಕೆ ತೂಕ ಬರುವುದು ಅದನ್ನು ಹಿಂದಕ್ಕೆ ಪಡೆಯಲಾಗದು ಅನ್ನುವುದರಿಂದ. ಮಾರಿದ ಹುಡುಗ ಮುಂದಿನ ವರ್ಷ ನಮ್ಮ ವಿರುದ್ಧವೇ ಗೋಲು ಹೊಡೆದರೆ ಹೊಡೆಯಲಿ. ಅದಕ್ಕೇ ಈ ಗೇಮ್‌ನ ಕಥೆಗಳು ವರ್ಷಗಟ್ಟಲೆ ನೆನಪಿರುತ್ತವೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ತಂಡದ ನಾಯಕನಿಗೇ ದೊಡ್ಡ ಬಿಡ್ ಬಂದಿದೆ. ವಿಂಡೋ ಮುಗಿಯಲು ಎರಡು ದಿನ ಇದೆ. ಮಾರಲಾ?"

ವಯಸ್ಸು ಕೇಳಿದೆ. 28 ಅಂದರು. ಒಪ್ಪಂದ? ಎರಡು ವರ್ಷ. ಅವನ ಸ್ಥಾನಕ್ಕೆ ಯಾರಿದ್ದಾರೆ? ಯಾರೂ ಇಲ್ಲ ಅಂದರು. ಹಾಗಾದರೆ ಈಗ ಬೇಡ, ಜನವರಿಯವರೆಗೆ ತಡೆಯಿರಿ ಅಂದೆ. ಡ್ರೆಸ್ಸಿಂಗ್ ರೂಮಿನಲ್ಲಿ ಪ್ರಭಾವ ಇರುವವನನ್ನು ಬದಲಿ ಇಲ್ಲದೆ ಬಿಟ್ಟರೆ ಉಳಿದವರ ಮನಸ್ಸೂ ಕುಗ್ಗುತ್ತದೆ. ಎರಡು ದಿನದಲ್ಲಿ ಸಿಗುವ ಬದಲಿ ಆಟಗಾರನಿಗೆ ಒಂದೂವರೆ ಪಟ್ಟು ಬೆಲೆ ಕೊಡಬೇಕಾಗುತ್ತದೆ. ಇವತ್ತೇ ಅವನನ್ನು ಕರೆದು ಮಾತಾಡಿ, ಚಳಿಗಾಲದ ವಿಂಡೋದಲ್ಲಿ ಇಷ್ಟೇ ಮೊತ್ತ ಬಂದರೆ ತಡೆಯುವುದಿಲ್ಲ ಅಂತ ಹೇಳಿ. ಆಗಲೂ ಒಂದೂವರೆ ವರ್ಷದ ಒಪ್ಪಂದ ಉಳಿದಿರುತ್ತದೆ, ಬೆಲೆ ತೀರಾ ಬೀಳುವುದಿಲ್ಲ. ಅಷ್ಟರಲ್ಲಿ ಸ್ಕೌಟ್‌ಗಳಿಗೆ ಆ ಸ್ಥಾನವೊಂದನ್ನೇ ಹುಡುಕಲು ಹೇಳಿ, ಮೂರು ಹೆಸರು ಸಿದ್ಧ ಇಟ್ಟುಕೊಳ್ಳಿ. ಅವರಲ್ಲಿ ಒಬ್ಬನ ಜೊತೆ ಡಿಸೆಂಬರಿನಲ್ಲೇ ಮಾತು ಮುಗಿಸಿ. ಅವನು ಬರುವ ದಿನವೇ ನಾಯಕನನ್ನು ಕಳಿಸಿಕೊಡಿ.